ಎಲುಬಿನೊಳಗಿನ ಗೂಡು

ಹೊಸ ಮುಂಡರಗಿ, ಚಂದ್ರ
ಫೆಬ್ರವರಿ ಮೂವತ್ತು, ಎರಡು ಸಾವಿರದ ನಾನೂರ ಹದಿನೆಂಟು

ಕಿರುನೆಲದಲ್ಲಿ ಹುಟ್ಟಲಿರುವ ನನ್ನ ಮಕ್ಕಳ ಮಕ್ಕಳಿಗೆ,

ಫೆಬ್ರವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತು ಎಂದು ನೀವು ನಗಬಹುದು. ಭೂಮಿಯವರೂ ನಗುತ್ತಾರೆ. ನಮ್ಮ ಹಿರಿಯರು ಇಲ್ಲಿಗೆ ಬಂದ ಹೊಸತರಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಬಿಟ್ಟರು. ನಿಮ್ಮಲ್ಲಿ ತಿಂಗಳು ಎಂಬುದು ಇರುತ್ತದೋ ಇಲ್ಲವೋ ನನಗೆ ತಿಳಿಯದು. ನಿಮ್ಮ ಕನ್ನಡ ಹೇಗಿರುತ್ತದೆ ಎಂಬುದೂ ತಿಳಿಯದು. ನನ್ನ ಮಾತು ಹಳೆಯದಾಗಿ, ಒರಟಾಗಿ ಕೇಳಿಸಿದರೆ ಕ್ಷಮಿಸಿ. ಅರ್ಥವಾಗದ ಶಬ್ದ ಬಂದರೆ ಅದನ್ನು ದಾಟಿ ಹೋಗಬೇಡಿ. ಯಾರನ್ನಾದರೂ ಕೇಳಿ ತಿಳಿದುಕೊಂಡು ಮುಂದೆ ಓದಿ. ಈ ಕಾಗದದಲ್ಲಿ ನಿಮ್ಮ ಜೀವದ ಮಾತಿದೆ.

ನಾನು ಚಂಪಾವತಿ ಹೊಸಮನಿ, ಮಂದಾರಳ ತಾಯಿ. ಮಂದಾರ ಬರುವ ತಿಂಗಳು ಗಂಡನ ಜೊತೆ ಹಡಗು ಹತ್ತುತ್ತಾಳೆ. ಮಂಗಳ ಗ್ರಹದಿಂದಲೂ ಆಚೆ ಸುತ್ತುವ ಸೀರಿಸ್ ಎಂಬ ಪುಟ್ಟ ಗ್ರಹಕ್ಕೆ ನಾವು ಕಿರುನೆಲ ಎಂದು ಹೆಸರಿಟ್ಟಿದ್ದೇವೆ. ಅವರು ಹೋಗುವುದು ಅಲ್ಲಿಗೆ, ನೀವು ಹುಟ್ಟುವುದೂ ಅಲ್ಲಿಯೇ. ಭೂಮಿಯಲ್ಲಿ ಮೂವತ್ತು ಕಿಲೋ ತೂಗುವ ಮಗು ನಮ್ಮ ಚಂದ್ರನ ಮೇಲೆ ಐದು ಕಿಲೋ ತೂಗುತ್ತದೆ. ಕಿರುನೆಲದಲ್ಲಿ ಅದೇ ಮಗು ಒಂದು ಕಿಲೋ ಕೂಡ ತೂಗುವುದಿಲ್ಲ. ಇದನ್ನು ಕೇಳಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ. ಯಾಕೆಂದು ಹೇಳಬೇಕಾದರೆ ಮೊದಲು ನಮ್ಮ ಊರಿನ ಬಗ್ಗೆ ಹೇಳಬೇಕು.

ಹೊಸ ಮುಂಡರಗಿ ನೆಲದ ಅಡಿಯ ಒಂದು ಉದ್ದನೆಯ ಗವಿಯಲ್ಲಿದೆ. ಯಾವ ಕಾಲದಲ್ಲೋ ಕರಗಿದ ಕಲ್ಲು ಹರಿದುಹೋಗಿ ಉಳಿದ ಕೊಳವೆ ಅದು. ನಮ್ಮ ಬೀದಿಗಳಿಗೆ ಸೂರು ಇದೆ, ಆಕಾಶವಿಲ್ಲ. ನಾನು ಗಾಜಿನ ಹೊಲದಲ್ಲಿ ಕೆಲಸ ಮಾಡುತ್ತೇನೆ. ಹಾಗೆಂದರೆ ದೀಪದ ಬೆಳಕಿನಲ್ಲಿ ಜೋಳ, ಮೆಂತ್ಯ, ಮೆಣಸಿನಕಾಯಿ ಬೆಳೆಯುವ ಉದ್ದನೆಯ ಕೋಣೆ. ಇಲ್ಲಿ ರೊಟ್ಟಿ ಬಡಿಯುವವರು ಸೊಂಟಕ್ಕೆ ಪಟ್ಟಿ ಬಿಗಿದು ನೆಲದ ಕೊಂಡಿಗೆ ಸಿಕ್ಕಿಸಿಕೊಳ್ಳಬೇಕು. ಇಲ್ಲದಿದ್ದರೆ ಹಿಟ್ಟಿನ ಮೇಲೆ ಅಂಗೈ ಬಿದ್ದಂತೆಲ್ಲ ಮೈ ಮೇಲೇಳುತ್ತದೆ. ಚಹಾ ಸುರಿದರೆ ಅದು ಅವಸರವೇ ಇಲ್ಲದೆ ಬಟ್ಟಲಿಗಿಳಿಯುತ್ತದೆ. ಮಕ್ಕಳು ಶಾಲೆಗೆ ನಡೆದುಕೊಂಡು ಹೋಗುವುದಿಲ್ಲ. ಒಂದು ಅಂಗಡಿಯ ಮುಂದಿನಿಂದ ನೆಗೆದರೆ ಮೂರನೆಯ ಅಂಗಡಿಯ ಮುಂದೆ ಇಳಿಯುತ್ತಾರೆ. ಹೊರಗಿನಿಂದ ಬಂದವರ ಬಟ್ಟೆಗೆ ಕರಿ ಧೂಳು ಅಂಟಿರುತ್ತದೆ, ಅದಕ್ಕೆ ಪಟಾಕಿ ಸುಟ್ಟ ವಾಸನೆ. ಇಷ್ಟು ಬಿಟ್ಟರೆ ನಾವು ಭೂಮಿಯ ಮಂದಿಯ ಹಾಗೆಯೇ ಜಗಳಾಡುತ್ತೇವೆ, ಮದುವೆ ಮಾಡುತ್ತೇವೆ, ಉಪ್ಪಿನಕಾಯಿ ಹಾಕುತ್ತೇವೆ.

ತೂಕವಿಲ್ಲದ ಬದುಕು ಮೈಗೆ ಒಳ್ಳೆಯದಲ್ಲ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ಅವರು ಗವಿಯ ಅಗಲವಾದ ಜಾಗದಲ್ಲಿ ಗಾಣ ಕಟ್ಟಿದರು. ಎಣ್ಣೆ ತೆಗೆಯುವ ಗಾಣವಲ್ಲ, ಒಂದು ಓಣಿಯಷ್ಟು ದೊಡ್ಡದಾದ ಬಳೆ ಅದು. ಬಳೆಯ ಒಳಗೆ ಸಾಲುಕೋಣೆಗಳಿವೆ. ಬಳೆ ತಿರುಗಿದರೆ ಒಳಗಿದ್ದವರ ಮೈಗೆ ಭೂಮಿಯ ತೂಕ ಬರುತ್ತದೆ. ನನ್ನ ಕಾಲದಲ್ಲಿ ಮಕ್ಕಳ ಶಾಲೆ ಗಾಣದಲ್ಲೇ ಇತ್ತು, ಮಲಗುವುದೂ ಅಲ್ಲೇ. ನಾನು ಮತ್ತು ರಜಿಯಾ ನದಾಫ್ ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಬಕೆಟ್ಟಿಗೆ ವಾಂತಿ ಮಾಡಿಕೊಂಡು ಅಕ್ಷರ ಕಲಿತವರು. ರಜಿಯಾ ಮುಂದೆ ಊರಿನ ಡಾಕ್ಟರ್ ಆದಳು. ಗಾಣವನ್ನು ಯಾರೂ ಪ್ರೀತಿಸಲಿಲ್ಲ. ತಲೆ ತಿರುಗುತ್ತಿತ್ತು, ಸೊಂಟ ನೋಯುತ್ತಿತ್ತು, ರಜೆಯ ದಿನ ಹೊರಬಂದು ಹಗುರಾದಾಗ ಜೈಲಿನಿಂದ ಬಿಟ್ಟಂತೆ ಅನಿಸುತ್ತಿತ್ತು.

ಮಂದಾರಳಿಗೆ ನಾಲ್ಕು ವರ್ಷವಿದ್ದಾಗ ಭೂಮಿಯಿಂದ ಗಟ್ಟಿಮಾತ್ರೆ ಬಂತು. ವಾರಕ್ಕೊಂದು ನುಂಗಿದರೆ ತೂಕವಿಲ್ಲದಿದ್ದರೂ ಎಲುಬು ಸವೆಯುವುದಿಲ್ಲ. ಪರೀಕ್ಷೆ ಮಾಡಿದರು, ಫೋಟೊ ತೆಗೆದರು. ಮಕ್ಕಳ ಎಲುಬುಗಳು ಭೂಮಿಯ ಮಕ್ಕಳ ಎಲುಬುಗಳಷ್ಟೇ ಬೆಳ್ಳಗೆ, ದಪ್ಪಗೆ ಕಂಡವು. ಅಷ್ಟು ಹೊತ್ತಿಗೆ ಗಾಣದ ಅಚ್ಚು ಸವೆದಿತ್ತು. ಗಾಣಕ್ಕೆ ಬೇಕಾಗುವ ವಿದ್ಯುತ್ತನ್ನು ಮಂಜುಗಡ್ಡೆ ಕರಗಿಸಲು ಬಳಸಿದರೆ ಊರಿಗೆಲ್ಲ ಎರಡರಷ್ಟು ನೀರು ಸಿಗುತ್ತಿತ್ತು. ಹಿರಿಯರ ಕೂಟ ಗಾಣವನ್ನು ನಿಲ್ಲಿಸಿತು. ಆ ದಿನ ಊರಲ್ಲಿ ಸಿಹಿ ಹಂಚಿದರು. ನಮ್ಮ ಮಕ್ಕಳು ಬಕೆಟ್ಟು ಹಿಡಿದು ಕೂರಬೇಕಾಗಿಲ್ಲ ಎಂದು ಎಲ್ಲ ತಾಯಂದಿರಿಗೂ ಸಂತೋಷವಾಯಿತು.

ಮಂದಾರಳಿಗೆ ಹದಿನೇಳಾದ ವರ್ಷ ಅವಳು ನನ್ನ ಜೊತೆ ಜೋಳದ ಸಸಿಗಳಿಗೆ ನೀರಿನ ನಳಿಗೆ ಜೋಡಿಸುತ್ತಿದ್ದಳು. ಬಗ್ಗಿದಾಗ ಪಾಯಿಜಾಮ ಮೇಲೆ ಸರಿಯಿತು. ಮೊಣಕಾಲ ಕೆಳಗೆ ಬೆರಳೊತ್ತಿದಂತೆ ನೀಲಿ ಕಲೆಗಳು ಕಂಡವು.

"ಎಲ್ಲಿ ಬಡಕೊಂಡಿ?" ಎಂದೆ.

"ಎಲ್ಲೂ ಇಲ್ಲವ್ವ. ತಾವ ಬಂದಾವ."

"ತಾವ ಬರೂದಂದ್ರ ಹೆಂಗ?"

"ನನಗೇನ ಗೊತ್ತು? ನೋಯಂಗಿಲ್ಲ, ಬಿಡು."

ಇಲ್ಲಿ ಯಾರೂ ಜೋರಾಗಿ ಬೀಳುವುದಿಲ್ಲ. ಬಿದ್ದರೂ ಒಣಗಿದ ಎಲೆ ಬಿದ್ದ ಹಾಗೆ. ನಮ್ಮ ಮಕ್ಕಳ ಮೈಮೇಲೆ ನೀಲಿ ಕಲೆ ನಾನು ಕಂಡದ್ದೇ ಇಲ್ಲ. ಕೆಲಸ ಅಲ್ಲಿಗೇ ಬಿಟ್ಟು ಅವಳನ್ನು ರಜಿಯಾಳ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೋಗುವ ದಾರಿಯಲ್ಲಿ ಅವಳು ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಅದನ್ನು ನಾನು ಅಷ್ಟು ದಿನ ಗಮನಿಸಿಯೇ ಇರಲಿಲ್ಲ.

ರಕ್ತದಲ್ಲಿ ಎಲ್ಲವೂ ಕಡಿಮೆಯಾಗಿತ್ತು. ಉಸಿರು ಹೊರುವ ಕೆಂಪು ಕಣ, ರೋಗ ತಡೆಯುವ ಬಿಳಿ ಕಣ, ರಕ್ತ ಕಟ್ಟುವ ಪ್ಲೇಟ್‌ಲೆಟ್, ಮೂರೂ. ರಕ್ತದ ಕಣಗಳು ಹೆಚ್ಚು ಕಾಲ ಬಾಳುವುದಿಲ್ಲ, ದಿನವೂ ಹೊಸದು ಹುಟ್ಟುತ್ತಿರಬೇಕು. ಹುಟ್ಟಿಸುವುದು ಎಲುಬಿನೊಳಗಿನ ಮಜ್ಜೆಯಲ್ಲಿ ಕುಳಿತ ಕೆಲವೇ ಕೆಲವು ಕಣಗಳು. ಅವಕ್ಕೆ ನಾವು ತಾಯಿಕಣ ಎನ್ನುತ್ತೇವೆ. ಮಂದಾರಳ ತಾಯಿಕಣಗಳು ಸೋತಿದ್ದವು. ಅದೇ ತಿಂಗಳು ಚನ್ನಬಸವ ಎಂಬ ಹನ್ನೆರಡು ವರ್ಷದ ಹುಡುಗನಿಗೂ ಹೀಗೆಯೇ ಆಗಿತ್ತು. ಅವನು ಹಿರಿಯರ ಕೂಟದ ಯಜಮಾನರಾದ ಶಾಂತವೀರಪ್ಪನವರ ಮೊಮ್ಮಗ.

ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯಿಂದ ತಾಯಿಕಣಗಳನ್ನು ತೆಗೆದು ಶೀತದಲ್ಲಿ ಇಡುತ್ತಾರೆ. ರಜಿಯಾ ಇಬ್ಬರಿಗೂ ಔಷಧಿ ಕೊಟ್ಟು ಸೋತ ಕಣಗಳನ್ನು ತೆಗೆದು, ಅವರವರದೇ ಹೊಸ ಕಣಗಳನ್ನು ಹಾಕಿದಳು. ಮಂದಾರಳ ಕೂದಲು ಉದುರಿತು, ಬಾಯೆಲ್ಲ ಹುಣ್ಣಾಯಿತು. ಆಮೇಲೆ ನಿಧಾನವಾಗಿ ರಕ್ತ ಏರಿತು. ಅವಳು ಎರಡು ರೊಟ್ಟಿ ತಿಂದಳು. ನಾವು ಗೆದ್ದೆವೆಂದುಕೊಂಡೆವು. ಹಬ್ಬ ಬರುವಷ್ಟರಲ್ಲಿ ರಕ್ತ ಮತ್ತೆ ಇಳಿಯಿತು. ಚನ್ನನದೂ ಇಳಿಯಿತು.

ಇಲ್ಲಿ ಹುಟ್ಟಿದವರ ಬೀಜವೇ ದುರ್ಬಲ ಎಂದು ಊರಲ್ಲಿ ಮಾತಾಯಿತು. ಶಾಂತವೀರಪ್ಪನವರು ಭೂಮಿಗೆ ಸುದ್ದಿ ಕಳಿಸಿ, ಯಾರ ಮೈಗಾದರೂ ಒಗ್ಗುವಂತೆ ಹದ ಮಾಡಿದ ತಾಯಿಕಣಗಳನ್ನು ತರಿಸಿದರು. ಭೂಮಿಯ ಬೀಜ, ಬಲಿಷ್ಠವಾದದ್ದು ಎಂದರು. ಎರಡನೆಯ ಸಲ ಅದೇ ಸಂಕಟ, ಅದೇ ಹುಣ್ಣು, ಅದೇ ಏರಿಕೆ. ಆಮೇಲೆ ಅದೇ ಇಳಿತ. ಚನ್ನನಿಗೆ ಒಂದು ಸಾಧಾರಣ ಕೆಮ್ಮು ಬಂತು. ಬಿಳಿ ಕಣವಿಲ್ಲದ ಮೈ ಅದು. ಕೆಮ್ಮು ಜ್ವರವಾಗಿ, ಮೂರನೆಯ ದಿನ ಹುಡುಗ ಹೋಗಿಬಿಟ್ಟ. ನಾನು ಅವನ ಮನೆಗೆ ಹೋಗಿ ಬಂದೆ. ಶಾಂತವೀರಪ್ಪನವರು ಮೊಮ್ಮಗನ ಪಾದಗಳನ್ನು ಹಿಡಿದುಕೊಂಡು ಕುಳಿತಿದ್ದರು.

ಮಂದಾರಳಿಗೆ ಹೇಳಬಾರದು ಎಂದುಕೊಂಡಿದ್ದೆ. ಅವಳಿಗೆ ಆಗಲೇ ಗೊತ್ತಾಗಿತ್ತು. ಸೋಂಕು ತಗುಲದಂತೆ ಹಾಕಿದ್ದ ಗಾಜಿನ ಆಚೆ ಮಲಗಿದ್ದವಳು ನನ್ನನ್ನು ನೋಡಿ ಕೇಳಿದಳು:

"ಅವ್ವ, ಚನ್ನಗ ಹಾಕಿದ ಬೀಜಾನ ಅಲ್ಲೇನು ನನಗೂ ಹಾಕಿದ್ದು?"

"ನಿನ್ನ ಮೈ ಬ್ಯಾರೆ, ಅವನ ಮೈ ಬ್ಯಾರೆ" ಎಂದೆ. ಅವಳು ಗೋಡೆಯ ಕಡೆಗೆ ತಿರುಗಿದಳು. ಆ ಹೊತ್ತಿನಿಂದ ಅವಳು ಉಸಿರೆಳೆಯುವ ಪ್ರತಿ ಸಲವೂ ನಾನು ಕೆಮ್ಮು ಬರುತ್ತದೇನೋ ಎಂದು ಕಿವಿ ನೆಟ್ಟು ಕೂರುತ್ತಿದ್ದೆ. ನನಗೇ ಗಂಟಲು ಕೆರೆದರೆ ಹೊರಗೆ ಓಡಿಹೋಗಿ, ಬಾಗಿಲು ಹಾಕಿ ಕೆಮ್ಮುತ್ತಿದ್ದೆ.

ಹೀಗಿರುವಾಗ ರಜಿಯಾ ನನ್ನನ್ನು ತನ್ನ ಕೋಣೆಗೆ ಕರೆದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಚಂಪಾ, ನಿನ್ನ ಸೊಂಟದ ಎಲುಬಿನಿಂದ ಒಂಚೂರು ಮಜ್ಜಿ ಬೇಕಾಗಿತ್ತು."

"ತಗೋ. ಯಾಕಂತ ಹೇಳು."

"ಮೊದಲ ತಗೋತೀನಿ. ಆಮ್ಯಾಲೆ ತೋರಸ್ತೀನಿ. ಬಾಯಿ ಮಾತಿಲೆ ಹೇಳಿದ್ರ ನೀ ನಂಬಂಗಿಲ್ಲ."

ಕೆಲವು ದಿನ ಬಿಟ್ಟು ಅವಳು ತೋರಿಸಿದಳು. ಸೂಕ್ಷ್ಮದರ್ಶಕದ ಒಂದು ಗಾಜಿನ ಕೆಳಗೆ ನನ್ನ ಎಲುಬಿನ ತೆಳು ಚೂರು, ಇನ್ನೊಂದರ ಕೆಳಗೆ ಮಂದಾರಳದು. ನನ್ನದರಲ್ಲಿ ಕೆಂಪು ಮಜ್ಜೆ ತುಂಬಿತ್ತು, ನಡುನಡುವೆ ವಯಸ್ಸಿನ ಬಿಳಿ ಚುಕ್ಕೆ. ಮಂದಾರಳದರ ಹೊರಗೋಡೆ ನನ್ನದಕ್ಕಿಂತ ದಪ್ಪ, ನನ್ನದಕ್ಕಿಂತ ನುಣುಪು. ಒಳಗೆ ಮಾತ್ರ ಬರೀ ಕೊಬ್ಬು, ಒಂದಕ್ಕೊಂದು ಒತ್ತಿಕೊಂಡ ಹಳದಿ ಗುಳ್ಳೆಗಳು. ಹದಿನೇಳರ ಹುಡುಗಿಯ ಎಲುಬಿನ ಒಳಗೆ ತೊಂಬತ್ತರ ಮುದುಕಿ ಕೂತಿದ್ದಳು. ಮಾತ್ರೆ ಗೋಡೆಯನ್ನಷ್ಟೇ ಗಟ್ಟಿ ಮಾಡಿತ್ತು. ನಾವೆಲ್ಲ ಇಷ್ಟು ವರ್ಷ ಗೋಡೆಯ ಫೋಟೊ ನೋಡಿ ಖುಷಿಪಟ್ಟಿದ್ದೆವು.

ರಜಿಯಾ ಹೇಳಿದ್ದನ್ನು ನನಗೆ ಅರ್ಥವಾದಷ್ಟು ನಿಮಗೆ ಹೇಳುತ್ತೇನೆ. ತಾಯಿಕಣ ಒಂಟಿಯಾಗಿ ಬದುಕುವುದಿಲ್ಲ. ಮಜ್ಜೆಯೊಳಗೆ ಅದಕ್ಕೊಂದು ಗೂಡು ಇರುತ್ತದೆ. ಎಲುಬು ಕಟ್ಟುವ ಕಣಗಳು, ಸಣ್ಣ ರಕ್ತನಾಳಗಳ ಗೋಡೆ, ನರದ ತುದಿಗಳು, ಅಕ್ಕಪಕ್ಕದ ಇನ್ನೆಷ್ಟೋ ಕಣಗಳು ಸೇರಿ ಆದ ಗೂಡು. ಗೂಡಿನ ಕಣಗಳು ತಾಯಿಕಣವನ್ನು ಹಿಡಿದು ಕೂರಿಸಿಕೊಂಡು, ಹೆಚ್ಚು ಹೊತ್ತು ಮಲಗಿಸಿರುತ್ತವೆ. ಬೇಕಾದಾಗ ಮಾತ್ರ ಎಬ್ಬಿಸುತ್ತವೆ, ಕೆಂಪು ಬೇಕೋ ಬಿಳಿ ಬೇಕೋ ಎಂದು ತಿಳಿಸುತ್ತವೆ, ಮತ್ತೆ ಮಲಗಿಸುತ್ತವೆ. ಹೀಗೆ ಮಲಗಿ ಎದ್ದರೇನೇ ಅದು ಒಂದು ಆಯುಷ್ಯ ಬಾಳುವುದು. ಎಲುಬಿನ ಮೇಲೆ ಭಾರ ಬೀಳದಿದ್ದರೆ ಗೂಡು ಕಟ್ಟುವ ಕಣಗಳು ಆ ಕೆಲಸ ಬಿಟ್ಟು ಕೊಬ್ಬಾಗಿಬಿಡುತ್ತವೆ. ಆಗ ತಾಯಿಕಣಕ್ಕೆ ಮಲಗಿಸುವವರಿಲ್ಲ. ಅದು ಎದ್ದೇ ಇರುತ್ತದೆ, ದುಡಿಯುತ್ತಲೇ ಇರುತ್ತದೆ, ಸೋಲುತ್ತದೆ. ಕೆಲವೊಮ್ಮೆ ದಾರಿ ತಪ್ಪಿ ವಿಕಾರವಾದ ಕಣಗಳನ್ನು ಹುಟ್ಟಿಸಲು ಶುರುಮಾಡುತ್ತದೆ.

"ಇಲ್ಲಿ ನೋಡು," ಎಂದಳು ರಜಿಯಾ. "ಭೂಮಿಯ ಬೀಜ ಮಂದಾರನ ಎಲುಬಿನ ಚೂರಿನ್ಯಾಗ ಹಾಕೀನಿ. ಎಷ್ಟ ಬಲಿಷ್ಠ ಇದ್ದವು! ಹ್ಯಾಂಗ ಸೋತು ಬಿದ್ದಾವ ನೋಡು. ಇತ್ತಾಗ, ಮಂದಾರನ ಸ್ವಂತ ಸೋತ ಕಣಾನ, ಭೂಮಿಯ ಬೀಜ ಹಾಕೂ ಮೊದಲ ತಗದಿಟ್ಟಿದ್ದನ್ನ, ನಿನ್ನ ಚೂರಿನ್ಯಾಗ ಹಾಕೀನಿ."

ನನ್ನ ಎಲುಬಿನ ಚೂರಿನಲ್ಲಿ ನನ್ನ ಮಗಳ ಕಣಗಳು ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದವು.

"ಸತ್ತಾವೇನು?" ಎಂದೆ.

"ಸತ್ತಿಲ್ಲ. ಮಲಗ್ಯಾವ. ಎಬ್ಬಿಸಿ ನೋಡೀನಿ, ಛಲೋ ರಕ್ತ ಕೊಟ್ಟು ಮತ್ತ ಮಲಗಿದವು. ಬೀಜ ಕೆಟ್ಟಿಲ್ಲ ಚಂಪಾ. ಗೂಡು ಕೆಟ್ಟೈತಿ."

ನನಗೆ ಒಂದು ಗಳಿಗೆ ಸಂತೋಷವೇ ಆಯಿತು, ರೋಗ ಸಿಕ್ಕಿತಲ್ಲ ಎಂದು. ಆಮೇಲೆ ರಜಿಯಾಳ ಮುಖ ನೋಡಿದೆ.

"ಮಂದಾರಂದು ಒಬ್ಬಾಕೀದಲ್ಲ," ಎಂದಳು. "ಗಾಣ ನಿಂತ ಮ್ಯಾಲೆ ಬೆಳದ ಮಕ್ಕಳದು ಎಂಟು ಮಂದೀದು ತಗದು ನೋಡೀನಿ. ಎಲ್ಲಾರ್ದೂ ಹಿಂಗ ಐತಿ. ಸ್ವಲ್ಪ ಹೆಚ್ಚು ಕಡಿಮಿ, ಅಷ್ಟ."

ನಾನು ಹೊರಗೆ ಬಂದೆ. ಶಾಲೆ ಬಿಟ್ಟ ಹೊತ್ತು. ಬೀದಿಯ ತುಂಬ ಮಕ್ಕಳು ನೆಗೆಯುತ್ತಿದ್ದವು. ಒಬ್ಬಳು ಸೂರಿನ ದೀಪ ಮುಟ್ಟಿ ಕೆಳಗಿಳಿದಳು, ಗೆಳತಿಯರು ಚಪ್ಪಾಳೆ ತಟ್ಟಿದರು. ಎಲ್ಲರ ಕೆನ್ನೆಯೂ ಕೆಂಪಗಿತ್ತು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಅವರ ಕಾಲುಗಳನ್ನೇ ನೋಡಿದೆ, ಯಾರ ಕಾಲಿನಲ್ಲಿ ನೀಲಿ ಇದೆ ಎಂದು. ಅಷ್ಟು ಹೆದರಿಕೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ಕಿರುನೆಲದ ಸುದ್ದಿ ಕೇಳುವವರೆಗೆ ಮತ್ತೆ ಆಗಲೂ ಇಲ್ಲ.

ಹಿರಿಯರ ಕೂಟ ಸೇರಿತು. ರಜಿಯಾ ಎಲ್ಲವನ್ನೂ ಹೇಳಿ, ಗಾಣ ಮತ್ತೆ ತಿರುಗಬೇಕು ಎಂದಳು. ಒಬ್ಬರು ನೀರಿನ ಮಾತು ತೆಗೆದರು. ಇನ್ನೊಬ್ಬರು ಅಚ್ಚಿನ ಮಾತು ತೆಗೆದರು: ತಿರುಗುವಾಗ ಅಚ್ಚು ಮುರಿದರೆ ಬಳೆ ಗೋಡೆಗೆ ಬಡಿಯುತ್ತದೆ, ಗವಿ ಒಡೆದರೆ ಊರಿನ ಗಾಳಿಯೆಲ್ಲ ಹೊರಗೆ ಹೋಗುತ್ತದೆ. ಅದೇನೂ ಸುಳ್ಳು ಹೆದರಿಕೆಯಲ್ಲ. ನನ್ನ ಗಂಡ ಫಕೀರಪ್ಪ ಊರಿನ ಯಂತ್ರಗಳನ್ನು ನೋಡಿಕೊಳ್ಳುವವನು. ಅವನನ್ನು ಎದ್ದು ನಿಲ್ಲಿಸಿ ಕೇಳಿದರು.

"ತಡೀತೈತಿ ಅಂತ ನಾ ಆಣಿ ಮಾಡಿ ಹೇಳಂಗಿಲ್ಲರಿ," ಎಂದ. "ಹಗೂರಕ ತಿರುಗಿಸಿದ್ರ ತಡದೀತು. ಒಳಗ ಇರಾಕಿ ನನ್ನ ಮಗಳು. ಹೊರಗ ಅಚ್ಚಿನ ಹತ್ರ ಕೂಡಾಂವ ನಾನು. ಇದರ ಮ್ಯಾಲೆ ನನಗ ಮಾತ ಗೊತ್ತಿಲ್ಲ."

ಅಷ್ಟು ಹೊತ್ತು ತಲೆ ತಗ್ಗಿಸಿ ಕುಳಿತಿದ್ದ ಶಾಂತವೀರಪ್ಪನವರು ರಜಿಯಾಳನ್ನು ಕೇಳಿದರು:

"ಡಾಕ್ಟರಬಾಯಿ, ಚನ್ನಗ ಹಾಕಿದ ಬೀಜ ಛಲೋನ ಇತ್ತೇನು ಹಂಗಾದ್ರ?"

"ಭಾಳ ಛಲೋ ಇತ್ರಿ ಯಜಮಾನ್ರ. ಅದಕ್ಕ ಇರಾಕ ಜಾಗಾ ಇರಲಿಲ್ಲ."

ಅವರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದು, "ಗಾಣ ತಿರುಗ್ಲಿ," ಎಂದರು. "ನೀರು ಅರ್ಧ ಕುಡ್ಯೂಣು."

ಅಚ್ಚಿಗೆ ಹೊಸ ಕವಚ ಹಾಕಿ ಗಾಣ ತಿರುಗಿಸಿದರು. ಮಂದಾರಳನ್ನು ನಾನು ತೋಳಲ್ಲಿ ಎತ್ತಿಕೊಂಡೇ ಒಳಗೆ ಹೋದೆ. ಗಾಣ ವೇಗ ಹಿಡಿದಂತೆ ಅವಳು ನನ್ನ ತೋಳಲ್ಲಿ ಭಾರವಾಗುತ್ತಾ ಹೋದಳು. ನನಗೆ ಆ ಭಾರ ಗೊತ್ತಿತ್ತು. ನಾಲ್ಕು ವರ್ಷಕ್ಕೇ ಗಾಣ ಬಿಟ್ಟ ಅವಳಿಗೆ ಅದರ ನೆನಪೇ ಇರಲಿಲ್ಲ. ಹಾಸಿಗೆಯ ಮೇಲೆ ಮಲಗಿಸಿದರೆ, ಎದೆಯ ಮೇಲೆ ಯಾರೋ ಕಲ್ಲು ಹೇರಿದಂತೆ ಕಣ್ಣು ಅಗಲ ಮಾಡಿ ನೋಡಿದಳು. ಪ್ಲೇಟ್‌ಲೆಟ್ ಇಲ್ಲದ ಮೈಗೆ ತೂಕ ಬಂದರೆ ಏನಾಗುತ್ತದೆ ಎಂದು ರಜಿಯಾ ಮೊದಲೇ ಹೇಳಿದ್ದಳು. ಹೇಳಿದ್ದು ಬೇರೆ, ಕಂಡದ್ದು ಬೇರೆ. ಮೂಗಿನಿಂದ, ಒಸಡಿನಿಂದ ರಕ್ತ ಬಂತು. ಮಲಗಿದ ಬದಿಯೆಲ್ಲ ನೀಲಿಯಾಯಿತು. ನಾನು ಮಗ್ಗುಲು ಬದಲಿಸಿದರೆ ಆ ಬದಿಯೂ ನೀಲಿ.

"ಇಳಸವ್ವ," ಎಂದು ಅಳುತ್ತಿದ್ದಳು. "ನಿನ್ನ ಕಾಲಿಗೆ ಬೀಳ್ತೀನಿ, ಇಳಸು. ಸತ್ರ ಹಗುರಾಗಿ ಸಾಯ್ತೀನಿ."

"ಇನ್ನೊಂದ ಸ್ವಲ್ಪ," ಎನ್ನುತ್ತಿದ್ದೆ. ಎಷ್ಟು ಸ್ವಲ್ಪ ಎಂದು ನನಗೂ ಗೊತ್ತಿರಲಿಲ್ಲ. ಗೋಡೆಯೊಳಗಿಂದ ಅಚ್ಚು ನರಳುವ ಸದ್ದು ಬರುತ್ತಿತ್ತು. ಪ್ರತಿ ಸುತ್ತಿಗೂ ಒಂದು ಕಡೆ ಕಿರ್ರೆಂದು ಎಳೆಯುತ್ತಿತ್ತು. ಆ ಸದ್ದು ಬರುವ ತನಕ ಉಸಿರು ಹಿಡಿಯುವುದು, ಬಂದು ದಾಟಿದ ಮೇಲೆ ಬಿಡುವುದು, ಇದೇ ನನ್ನ ಬದುಕಾಗಿತ್ತು. ಹೊರಗೆ ಫಕೀರಪ್ಪ ಅಚ್ಚಿಗೆ ಕೈ ಇಟ್ಟುಕೊಂಡು ಕುಳಿತಿರುತ್ತಾನೆ ಎಂದು ನೆನೆದು ಧೈರ್ಯ ತಂದುಕೊಳ್ಳುತ್ತಿದ್ದೆ. ಅವನಿಗೆ ನನಗಿಂತ ಹೆಚ್ಚು ಹೆದರಿಕೆ ಇತ್ತೆಂದು ಆಮೇಲೆ ಹೇಳಿದ.

ತೂಕವೊಂದೇ ಸಾಲದು ಎಂದು ರಜಿಯಾ ನನ್ನ ಸೊಂಟದಿಂದ ಮತ್ತೆ ಮತ್ತೆ ಮಜ್ಜೆ ತೆಗೆದಳು. ಈ ಸಲ ತಾಯಿಕಣಕ್ಕಾಗಿ ಅಲ್ಲ. ಗೂಡು ಕಟ್ಟುವ ಕಣಗಳನ್ನು ಬೇರ್ಪಡಿಸಿ, ಬೆಳೆಸಿ, ಮಂದಾರಳ ಎಲುಬುಗಳೊಳಗೆ ಬಿಟ್ಟಳು. ಅವು ಅಲ್ಲಿ ಬೇರೂರಿ, ತೂಕದ ಒತ್ತಡಕ್ಕೆ ಗೂಡು ಕಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂರನೆಯ ಸಲ ಹಾಕಲು ಮಂದಾರಳ ಹುಟ್ಟಿನ ಕಣಗಳು ಇನ್ನೊಂದೇ ಸೀಸೆ ಉಳಿದಿದ್ದವು. ಗೂಡು ಆಗುವ ಮೊದಲೇ ಹಾಕಿದರೆ ಅವೂ ಹೋಗುತ್ತವೆ. ತಡ ಮಾಡಿದರೆ ಅವಳೇ ಹೋಗುತ್ತಾಳೆ. ಯಾವಾಗ ಹಾಕುವುದು ಎಂದು ರಜಿಯಾಳನ್ನು ದಿನವೂ ಕೇಳುತ್ತಿದ್ದೆ. ಅವಳು ದಿನವೂ "ಇವತ್ತ ಬ್ಯಾಡ" ಎನ್ನುತ್ತಿದ್ದಳು. ಒಂದು ದಿನ ನಾನು ಅವಳ ಕುತ್ತಿಗೆಪಟ್ಟಿ ಹಿಡಿದು ಕಿರುಚಿದೆ. ಅವಳು ಬಿಡಿಸಿಕೊಳ್ಳಲಿಲ್ಲ. "ಬೈ, ಎಷ್ಟ ಬೇಕಾದ್ರೂ ಬೈ," ಎಂದಳು. "ಆದ್ರ ಇವತ್ತ ಬ್ಯಾಡ."

ಕೊನೆಗೆ ಹಾಕಿದಳು. ರಕ್ತ ಏರಿತು. ಎರಡು ಸಲ ಏರಿ ಇಳಿದದ್ದನ್ನು ಕಂಡವರು ನಾವು, ಯಾರೂ ನಗಲಿಲ್ಲ. ಹಬ್ಬ ಬಂತು, ಹೋಯಿತು. ರಕ್ತ ಅಲ್ಲೇ ನಿಂತಿತ್ತು. ಒಂದು ಬೆಳಿಗ್ಗೆ ಮಂದಾರ ಮಂಚದ ಅಂಚು ಹಿಡಿದು, ಭೂಮಿಯ ತೂಕದಲ್ಲಿ, ತನ್ನ ಕಾಲ ಮೇಲೆ ತಾನೇ ನಿಂತಳು. ರಜಿಯಾ ಬಂದವಳು ಬಾಗಿಲಲ್ಲೇ ಕುಸಿದು ಕುಳಿತು ಅತ್ತಳು. ಆಮೇಲೆ ಊರಿನ ಮಕ್ಕಳೆಲ್ಲ ಗಾಣಕ್ಕೆ ಬಂದರು. ಬಕೆಟ್ಟುಗಳೂ ಬಂದವು. ಗೂಡು ಪೂರ್ತಿ ಹಾಳಾಗದಿದ್ದ ಮಕ್ಕಳು ತೂಕದಿಂದಲೇ ಚೇತರಿಸಿಕೊಂಡರು. ಇಬ್ಬರನ್ನು ಉಳಿಸಿಕೊಳ್ಳಲಾಗಲಿಲ್ಲ.

ಇದೆಲ್ಲ ನಡೆದು ಒಂಬತ್ತು ವರ್ಷವಾಯಿತು. ಮಂದಾರ ಗಟ್ಟಿಯಾಗಿದ್ದಾಳೆ, ಒಳಗೂ ಹೊರಗೂ. ಈಗ ಅವಳು ಕಿರುನೆಲಕ್ಕೆ ಹೊರಟಿದ್ದಾಳೆ. ಅಲ್ಲಿ ಗಾಣವಿಲ್ಲ. ಹೊಸ ಮಾತ್ರೆ ಬಂದಿದೆಯಂತೆ, ಅದು ಎಲುಬಿನ ಒಳಗನ್ನೂ ನೋಡಿಕೊಳ್ಳುತ್ತದಂತೆ. ರಜಿಯಾಳನ್ನು ಕೇಳಿದೆ. "ಇಲಿಗಳಿಗೆ ಆಗೇತಿ. ಕೂಸಿಗೆ ಆಗ್ತೈತೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಗೊತ್ತಾಗೂದು ಹದಿನೈದು ವರ್ಷದ ಮ್ಯಾಲೆ," ಎಂದಳು. ಆ ಹದಿನೈದು ವರ್ಷದ ಕೂಸುಗಳು ನೀವು.

ಫಕೀರಪ್ಪ ಒಂದು ಸಣ್ಣ ಗಾಣ ಮಾಡಿದ್ದಾನೆ. ಉದ್ದನೆಯ ತೋಳಿನ ಎರಡು ತುದಿಗೆ ಎರಡು ತೊಟ್ಟಿಲು. ಒಂದರಲ್ಲಿ ತಾಯಿ ಮಗು ಕೂರಬಹುದು, ಇನ್ನೊಂದರಲ್ಲಿ ಸಮತೂಕಕ್ಕೆ ಮತ್ತೊಂದು ಜೋಡಿ. ಬಿಡಿಬಿಡಿಯಾಗಿ ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿದ್ದಾನೆ. ಜೊತೆಗೆ ನನ್ನ ಗೂಡುಕಣಗಳನ್ನು ರಜಿಯಾ ಶೀತದ ಡಬ್ಬಿಯಲ್ಲಿ ಇಟ್ಟುಕೊಟ್ಟಿದ್ದಾಳೆ. ಇದನ್ನು ಮಂದಾರಳಿಗೆ ತೋರಿಸಿದ ದಿನ ಅವಳ ಮುಖ ಬಿಳಿಚಿಕೊಂಡಿತು.

"ನನ್ನ ಮಕ್ಕಳನ್ನ ಗಾಣದಾಗ ಹಾಕಂಗಿಲ್ಲ ನಾ," ಎಂದಳು.

"ಹಾಕಬೇಕವ್ವ."

"ನೀ ಒಳಗ ಕುಂತಿದ್ದಿ. ಮೈಯಾಗ ನೋವಿದ್ದದ್ದು ನನಗ. ನಾ ಅಳೂದನ್ನ ನೀ ಕೇಳಿದಿ. ನನ್ನ ಕೂಸು ಅಳೂದನ್ನ ನಾ ಕೇಳಂಗಿಲ್ಲ. ಸತ್ರೂ ಕೇಳಂಗಿಲ್ಲ."

"ಸಾಯೂದು ನೀ ಅಲ್ಲ," ಎಂದುಬಿಟ್ಟೆ.

ಅವಳು ಎದ್ದು ಹೋದಳು. ಎಷ್ಟೋ ದಿನ ನಮ್ಮ ಮನೆಗೆ ಬರಲಿಲ್ಲ. ನಿನ್ನೆ ಬಂದು ಬಾಗಿಲಲ್ಲೇ ನಿಂತು, "ಆ ಪೆಟ್ಟಿಗಿ ಹಡಗಿಗೆ ಏರಸ್ರಿ, ಒಯ್ತೀನಿ," ಎಂದಳು. ಜೋಡಿಸುತ್ತೀಯಾ ಎಂದು ಕೇಳಿದೆ. "ಒಯ್ತೀನಿ ಅಂದೆ. ಅಷ್ಟ," ಎಂದು ನನ್ನನ್ನು ಅಪ್ಪಿಕೊಂಡಳು. ಅವಳ ಮೈ ನಡುಗುತ್ತಿತ್ತು. ಒಂಬತ್ತು ವರ್ಷವಾದರೂ ಗಾಣದ ಹೆಸರೆತ್ತಿದರೆ ಅವಳು ನಡುಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ಅದಕ್ಕೇ ಈ ಕಾಗದ ಅವಳಿಗೆ ಬರೆಯದೆ ನಿಮಗೆ ಬರೆದಿದ್ದೇನೆ. ಅವಳ ಮೇಲೆ ಸಿಟ್ಟಾಗಬೇಡಿ. ನಿಮ್ಮನ್ನು ಅಳಿಸಬಾರದು ಎಂಬ ಪ್ರೀತಿಯಿಂದ ಅವಳು ಗಾಣ ಬೇಡ ಎನ್ನುತ್ತಾಳೆ. ಆದರೆ ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಏನೂ ಬಡಿಯದೆ ಕಾಲ ಮೇಲೆ ನೀಲಿ ಕಂಡರೆ, ದಾರಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುವಂತಾದರೆ, ಬೀಜ ಕೆಟ್ಟಿತೆಂದು ಹೊಸ ಬೀಜ ತರಿಸುತ್ತಾ ಕಾಲ ಕಳೆಯಬೇಡಿ. ಎಲುಬಿನ ಒಳಗೆ ನೋಡಿ. ಗೋಡೆಯ ಫೋಟೊ ನೋಡಿ ಸುಮ್ಮನಾಗಬೇಡಿ. ಕಾಯಿಲೆ ಬರುವ ತನಕವೂ ಕಾಯಬೇಡಿ. ಪೆಟ್ಟಿಗೆಗಳು ಮುಚ್ಚಿಯೇ ಇದ್ದರೆ ಇವತ್ತೇ ತೆಗೆದು ಜೋಡಿಸಿ. ವಾಂತಿಯಾಗುತ್ತದೆ, ಸೊಂಟ ನೋಯುತ್ತದೆ, ನಿಮ್ಮ 'ಇಳಸು' ಎಂಬ ಕೂಗು ಕಿರುನೆಲಕ್ಕೆಲ್ಲ ಕೇಳಿಸುತ್ತದೆ. ಆಗ ಮಂದಾರ ಓಡಿಬಂದು ತೊಟ್ಟಿಲಿಗೆ ಅಡ್ಡ ನಿಲ್ಲುತ್ತಾಳೆ, ನನ್ನ ಮಗಳು ನನಗೆ ಗೊತ್ತು. ಅವಳನ್ನು ಗಟ್ಟಿಯಾಗಿ ಅಪ್ಪಿಕೊಳ್ಳಿ. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿಸಿ, ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ಮಗುವನ್ನು ಒಳಗೆ ಕೂರಿಸಿ.

ನಿಮ್ಮ
ಚಂಪಾವತಿ